ಒಂಟಿ ಸೀನು

ನಂಜನಗೂಡಿನ ಗೊಬ್ಬರದಂಗಡಿಯ ಮಹಡಿಯ ಮೇಲೆ ಸ್ಯಾಕ್ಸೋಫೋನ್ ತರಗತಿ ತೆರೆದಾಗ ಬೋರ್ಡಿನಲ್ಲಿ ದೊಡ್ಡದಾಗಿ ‘ಜಾಝ್’ ಎಂದು ಬರೆಸಿದ್ದೆ. ಅದೇನೆಂದು ಒಬ್ಬರೂ ಕೇಳಲಿಲ್ಲ. ಊರವರ ಪ್ರಕಾರ ಸ್ಯಾಕ್ಸೋಫೋನ್ ಅಂದರೆ ವಾಲಗ, ವಾಲಗ ಅಂದರೆ ಮದುವೆ; ಮಿಕ್ಕಿದ್ದೆಲ್ಲ ಮೇಷ್ಟ್ರ ಶೋಕಿ. ಗೋವಾದ ಹೋಟೆಲುಗಳಲ್ಲಿ ಎಂಟು ವರ್ಷ ಜಾಝ್ ನುಡಿಸಿ, ಅಲ್ಲಿಯವರಿಗೂ ಗಮನವೆಲ್ಲ ತಟ್ಟೆಯ ಮೇಲೇ ಎಂದು ಗೊತ್ತಾದ ಮೇಲೆ ವಾಪಸು ಬಂದವನು ನಾನು. ಉಣ್ಣುವವರ ಮುಂದೆಯೇ ಊದುವುದಾದರೆ ನಮ್ಮ ಊಟವೇ ವಾಸಿ.

ಏಳು ಜನ ಸೇರಿದರು. ಕಳಲೆಯ ನಿವೃತ್ತ ಬಸ್ ಕಂಡಕ್ಟರರೊಬ್ಬರು ತಾಳ ತಪ್ಪಿದಾಗಲೆಲ್ಲ ಬಾಯಿತಪ್ಪಿ ‘ಹೋಲ್ಡಾನ್’ ಅನ್ನುತ್ತಿದ್ದರು. ಬಿಳಿಗೆರೆಯ ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದ ಹೆಂಗಸಿಗೆ ಎರಡೇ ವಾರದಲ್ಲಿ ನನಗಿಂತ ಉದ್ದದ ಉಸಿರು ಬಂತು. ಸೌದೆ ಒಲೆ ಊದಿದ ಪುಣ್ಯ ಅಂದರು. ನನ್ನ ಎಂಟು ವರ್ಷದ ಸಾಧನೆ ಒಲೆಯ ಮುಂದೆ ನಿಲ್ಲಲಿಲ್ಲ.

ಆಗ ತಿರುಮಕೂಡಲಿನ ಛತ್ರದಲ್ಲೊಂದು ಮದುವೆ. ವಾಲಗದ ಮೇಳದಲ್ಲಿ ನಾಗಸ್ವರ ನುಡಿಸುವವರು ಹಿಂದಿನ ದಿನ ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡಿದ್ದರು. ಅವರ ಬದಲಿಗೆ ನನ್ನನ್ನು ಕರೆದರು. ಹುಡುಗಿ ತಗಡೂರು ಕಡೆಯವಳು, ಹುಡುಗ ಬಿಳಿಗೆರೆಯವನು. ಬೆಳಗಿನಿಂದ ಎಲ್ಲ ಚೆನ್ನಾಗಿಯೇ ನಡೆಯಿತು. ಮುಹೂರ್ತಕ್ಕೆ ಪುರೋಹಿತರು ನನ್ನ ಕಡೆ ತೋರುಬೆರಳು ಎತ್ತಿ ಅಲ್ಲಾಡಿಸಿದರು.

ಅದು ಗಟ್ಟಿಮೇಳದ ಸನ್ನೆ ಎಂದು ತೊಟ್ಟಿಲ ಕೂಸಿಗೂ ಗೊತ್ತು. ತಾಳಿ ಕಟ್ಟುವಾಗ ಯಾವ ಅಪಶಕುನದ ಸದ್ದೂ ಕಿವಿಗೆ ಬೀಳದಿರಲಿ ಎಂದು ಮೇಳವೆಲ್ಲ ಒಟ್ಟಿಗೆ ಕಿವಿ ಕಿತ್ತುಹೋಗುವಂತೆ ಬಾರಿಸಬೇಕು. ಆದರೆ ಜಾಝಿನ ವೇದಿಕೆಯಲ್ಲಿ ನಾಯಕ ಬೆರಳು ತೋರಿಸಿದರೆ ‘ಈಗ ನಿನ್ನೊಬ್ಬನ ಸರದಿ, ಮನಸ್ಸಿಗೆ ಬಂದದ್ದು ನುಡಿಸು’ ಎಂದರ್ಥ. ಎಂಟು ವರ್ಷದ ಅಭ್ಯಾಸ ಬುದ್ಧಿಯನ್ನು ಕೇಳಿ ಬರುತ್ತದೆಯೆ? ಕೈಯೆತ್ತಿ ಡೋಲಿನವರನ್ನು ನಿಲ್ಲಿಸಿದೆ. ಕಣ್ಣು ಮುಚ್ಚಿದೆ. ಮೆತ್ತಗೆ, ನಿಧಾನವಾಗಿ, ನನ್ನದೇ ಒಂದು ರಾಗವನ್ನು ಎಳೆದೆ. ಛತ್ರದಲ್ಲಿ ಅಕ್ಷತೆ ಬೀಳುವ ಸದ್ದೂ ಕೇಳುವಷ್ಟು ಮೌನ. ಆ ಮೌನದಲ್ಲಿ ಹುಡುಗನ ಸೋದರತ್ತೆ ಸೀನಿದರು.

ಒಂದೇ ಒಂದು ಸೀನು. ಎರಡಾಗಿದ್ದರೆ ದೋಷವಿಲ್ಲ ಅನ್ನುತ್ತಾರೆ. ಒಂಟಿ ಸೀನು ಮಾತ್ರ ಆಗಬಾರದು. ಎಲ್ಲರೂ ಆ ತಾಯಿಯ ಮೂಗನ್ನೇ ನೋಡುತ್ತ ಕಾದರು. ನಾನೂ ಕಾದೆ. ಇನ್ನೊಂದು ಬರಲಿಲ್ಲ. ಹುಡುಗಿಯ ತಾತ ಎದ್ದು ಬಂದು ನನ್ನ ಮುಂದೆ ನಿಂತರು.

“ನನ್ ಮೊಮ್ಮಗಳ ಸಂಸಾರದಲ್ಲಿ ಏನಾರ ಎಚ್ಚುಕಮ್ಮಿ ಆದ್ರೆ ನಿಮ್ಮನ್ನೇ ಕೇಳ್ತೀನಿ, ಮೇಷ್ಟ್ರೇ.”

ಸುದ್ದಿ ನನಗಿಂತ ಮುಂಚೆ ನಂಜನಗೂಡು ಮುಟ್ಟಿತ್ತು. ವಾರದೊಳಗೆ ಐದು ಜನ ತರಗತಿ ಬಿಟ್ಟರು. ಸೀನಿಗೆಲ್ಲ ಬಸ್ಸು ನಿಲ್ಲಿಸೋಕಾಗಲ್ಲ ಎಂದು ಕಂಡಕ್ಟರರು ಉಳಿದರು. ಡೈರಿಯ ಹೆಂಗಸೂ ಉಳಿದರು. ನನ್ನ ಅದೃಷ್ಟಕ್ಕೆ ಆ ಹೊಸ ಸೊಸೆ ಹಾಲು ಹಾಕುತ್ತಿದ್ದುದು ಅವರ ಡೈರಿಗೇ. ಅಂದಿನಿಂದ ನನ್ನ ಪಾಠ ಸರಿಗಮದಿಂದ ಶುರುವಾಗಲಿಲ್ಲ, ಆ ಹುಡುಗಿಯ ಮುಖದಿಂದ ಶುರುವಾಯಿತು. ಇವತ್ತು ನಗುತ್ತಾ ಬಂದಳಾ? ಗಂಡ ಜೊತೆಗಿದ್ದನಾ? ಒಂದು ದಿನ ಅತ್ತೆಯ ಮೇಲೆ ಮುನಿಸಿಕೊಂಡು ಬಂದಿದ್ದಳಂತೆ. ಆ ದಿನ ನನ್ನ ಬಾಯಲ್ಲಿ ಒಂದು ಸ್ವರವೂ ನೆಟ್ಟಗೆ ಹೊರಡಲಿಲ್ಲ. ಅವಳ ಸುಖಕ್ಕಾಗಿ ಹೆತ್ತವರೂ ಅಷ್ಟು ಹರಕೆ ಹೊತ್ತಿರಲಾರರು. ಮೊದಮೊದಲು ಅದು ನನ್ನ ಹೊಟ್ಟೆಪಾಡಿಗೆ. ಆಮೇಲಾಮೇಲೆ, ಮಾತೇ ಆಡಿಸದ ಆ ಹುಡುಗಿ ಚೆನ್ನಾಗಿರಲಿ ಎಂದು ನಿಜವಾಗಿಯೂ ಅನ್ನಿಸತೊಡಗಿತು.

ಎರಡನೆಯ ವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿತು. ತಗಡೂರಿನ ತವರುಮನೆಯಲ್ಲಿ ಹೆಸರಿಡುವ ಶಾಸ್ತ್ರ. ಆ ತಾತನೇ ನನಗೆ ಹೇಳಿಕಳಿಸಿದರು. ಪಂಚಾಯಿತಿ ಸೇರಿಸಿದ್ದಾರೇನೋ ಎಂಬ ಅಳುಕಿನಲ್ಲೇ ವಾದ್ಯ ಹೊತ್ತು ಹೋದೆ. ಮಗು ಒಂದೇ ಸಮ ಅಳುತ್ತಿತ್ತು. ಡೋಲಿನವರು ಕೋಲು ಎತ್ತಿದ್ದೇ ತಡ, ತಾತ ಕೈ ಅಡ್ಡ ಹಿಡಿದರು.

“ನೀವು ಸುಮ್ಕಿರ್ರಪ್ಪ. ಮೇಷ್ಟ್ರೇ, ಅವತ್ತು ಊದುದ್ರಲ್ಲ, ಅದ್ನೇ ಊದಿ. ಕೂಸು ಮನಿಕ್ಕಳ್ಳಿ.”

ಅಂದರೆ ಅಷ್ಟು ಕೋಪದಲ್ಲೂ ಅವರು ನನ್ನ ರಾಗವನ್ನು ಕೇಳಿದ್ದರು. ಎರಡು ವರ್ಷ ನೆನಪಿಟ್ಟುಕೊಂಡಿದ್ದರು. ಗೋವಾದಲ್ಲಿ ನನಗೆ ಯಾರೂ ಅಷ್ಟು ಮರ್ಯಾದೆ ಮಾಡಿರಲಿಲ್ಲ. ವಾದ್ಯ ತುಟಿಗಿಟ್ಟು ಊದಿದೆ. ಅದೇ ರಾಗ, ಅಷ್ಟೇ ಮೆತ್ತಗೆ. ಮಗು ಅಳು ನಿಲ್ಲಿಸಿತು. ಮನೆ ತುಂಬಾ ಮೌನ.

ಆ ಮೌನದಲ್ಲಿ, ತೊಟ್ಟಿಲ ಪಕ್ಕದಲ್ಲೇ ಕೂತಿದ್ದ ಆ ಸೋದರತ್ತೆ ಸೀನಿದರು.

ನನ್ನ ಉಸಿರು ಅಲ್ಲೇ ನಿಂತಿತು. ಎಲ್ಲರೂ ತಾತನ ಕಡೆ ತಿರುಗಿದರು. ತಾತ ತೊಟ್ಟಿಲಿನೊಳಗೆ ಒಮ್ಮೆ ಇಣುಕಿ ನೋಡಿದರು.

“ಎಲ್ಡಾಯ್ತು,” ಅಂದರು. “ಊದಿ ಮೇಷ್ಟ್ರೇ.”