ದಾಯಾದಿಗಳ ಪಾಲು

ಸರೋಜಕ್ಕಾ, ಭಾವನನ್ನು ಕೊಂದದ್ದು ನಾನು. ನೀನಲ್ಲ.

“ಡಾಕ್ಟ್ರಿಗೆ ಸುಳ್ಳು ಹೇಳಿ ಗಂಡನ್ನ ನಾನೇ ತಿಂದ್ಕಂಡೆ” ಎಂದು ನೀನು ಎದೆ ಬಡಿದುಕೊಂಡಾಗಲೆಲ್ಲ ನಾನು ಪಕ್ಕದಲ್ಲಿ ಕೂತು, “ಹಣೇಲಿ ಬರ್ದಿದ್ನ ಯಾರು ತಪ್ಪಿಸ್ತಾರೆ ಅಕ್ಕ” ಅಂದಿದ್ದೇನೆ. ಓರಗಿತ್ತಿ ಅಂದರೆ ಹೀಗಿರಬೇಕು ಎಂದು ಊರಿನವರು ಹೊಗಳಿದರು. ಆ ಹೊಗಳಿಕೆಯನ್ನೂ ತೆಗೆದುಕೊಂಡೆ — ಬೇಡ ಅನ್ನಲಿಲ್ಲ.

ಕಾಡುನಾಯಿಗಳ ಮೇಲೆ ನನಗಿದ್ದ ಸಿಟ್ಟು ನಿನಗೆ ಗೊತ್ತು. ನಾನು ಆನಂದಪುರದ ಗದ್ದೆ ಬಯಲಿನವಳು. ಮಾಸ್ತಿಕಟ್ಟೆಯ ಈ ಕಾಡಂಚಿಗೆ ಮದುವೆಯಾಗಿ ಬಂದಾಗ, ಭಾವ ಆ ಕೆಂಪು ನಾಯಿಗಳನ್ನು ‘ದಾಯಾದಿಗಳು’ ಅನ್ನುವುದು ಕೇಳಿ ನಗು ಬಂದಿತ್ತು. ಅವು ಕಡವೆ ಕೆಡವಿದರೆ ಒಂದು ತೊಡೆ ನಮ್ಮದು, ಉಳಿದದ್ದೆಲ್ಲ ಅವುಗಳದ್ದು; ಅವಕ್ಕೆ ಕೋವಿ ತೋರಿಸಬಾರದು, ಕಲ್ಲು ಬೀಸಬಾರದು — ಮಾವನ ಕಾಲದಿಂದ ಬಂದ ಕಟ್ಟಳೆ. ಆಮೇಲೆ ನನ್ನ ಗೌರಿಯ ಕರುವನ್ನು ಅವು ಹಿಡಿದವು. ಜೀವ ಇರುವಾಗಲೇ ಹಿಂದಿನಿಂದ ತಿನ್ನುತ್ತವಲ್ಲ... ಅದು ನನ್ನನ್ನೇ ನೋಡುತ್ತ ಕೂಗುತ್ತಿತ್ತು. ಆವತ್ತೂ ಭಾವ ಅಂದದ್ದು ಒಂದೇ ಮಾತು: “ಹೋಗ್ಲಿ ಬಿಡು ಮಾರಾಯ್ತಿ. ನಾವೂ ಅವ್ರ ಪಾಲಲ್ಲಿ ಉಂಡಿಲ್ವಾ?” ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಸೋಮವಾರ ಬೆಳಿಗ್ಗೆ, ಕೊಟ್ಟಿಗೆಗೆ ಹಾಸಲು ದರಗೆಲೆ ಗುಡಿಸಲು ಹೋದವಳಿಗೆ ಹಳ್ಳದ ಬದಿ ಆಗಷ್ಟೇ ಬಿದ್ದ ಕಡವೆ ಕಂಡಿತು. ನಾಯಿಗಳು ನನ್ನನ್ನು ನೋಡಿ ಸರಿದು ನಿಂತವು, ಓಡಲಿಲ್ಲ. ಮನುಷ್ಯರು ತಮ್ಮ ಪಾಲು ಕೊಯ್ದುಕೊಂಡು ಹೋಗುತ್ತಾರೆ ಎಂದು ಅವಕ್ಕೂ ಗೊತ್ತಿತ್ತು. ಮನೆಗೆ ಹೋಗಿ, ಶುಂಠಿಗೆ ಹಾಕಲು ತಂದಿಟ್ಟಿದ್ದ ವಿಷವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಹೊಟ್ಟೆ, ಪಕ್ಕೆ, ಕುತ್ತಿಗೆ — ಎಲ್ಲ ಕಡೆ ಹಾಕಿದೆ. ಭಾವ ಯಾವುದನ್ನು ಕೊಯ್ಯುತ್ತಾರೋ ಎಂದು ಹಿಂದಿನ ತೊಡೆ ಎರಡನ್ನೂ ಮಾತ್ರ ಮುಟ್ಟಲಿಲ್ಲ. ಕಾಗೆಗಳ ಗದ್ದಲ ಕೇಳಿ ಭಾವ ಬಂದೇ ಬರುತ್ತಾರೆ, ತೊಡೆ ಕೊಯ್ದುಕೊಂಡು ಹೋಗುತ್ತಾರೆ, ಉಳಿದದ್ದನ್ನು ಅವರ ದಾಯಾದಿಗಳು ತಿಂದು ಸಾಯಲಿ. ಅಷ್ಟೆಲ್ಲ ಲೆಕ್ಕ ಹಾಕಿದ್ದೆ. ದೊಡ್ಡ ಜಾಣೆ ನಾನು.

ಮಧ್ಯಾಹ್ನ ನೀನೇ ಬೋಗುಣಿ ಹಿಡಿದುಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದೆ.

“ಹೆಣ್ ನಾಯಿ ಮರಿ ಹಾಕಿದ್ಯಂತೆ ಕಣೆ, ಮೊಲೆ ಜೋತಿದ್ವಂತೆ. ಮರಿ ಇದ್ದಾಗ ತೊಡೆ ತರ್ಬಾರ್ದು ಅಂತ ಅವ್ಕೇ ಬಿಟ್ಟು, ನಿಮ್ ಭಾವ ಪಕ್ಕೆ ತಂದಾರೆ. ಬಿಸಿಬಿಸಿ ಉಂಡು ಈಗ ಮಲಗಿದ್ರು. ನಂಗೆ ಸೋಮವಾರ, ನೀನು ತಿನ್ನು.”

ಮರಿ ಇದ್ದಾಗಿನ ಕಟ್ಟಳೆ ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ ಎಂದಲ್ಲ, ಅವರು ನಾಯಿಗಳ ಸುದ್ದಿ ಎತ್ತಿದರೆ ನಾನು ಎದ್ದು ಹೋಗುತ್ತಿದ್ದೆ.

“ಒಳ್ಳೇದಾತು” ಅಂದೆ. ನೀನು ಅಂಗಳ ದಾಟುವವರೆಗೆ ನಿಂತಿದ್ದು, ಬೋಗುಣಿಯಲ್ಲಿದ್ದದ್ದನ್ನು ಗೊಬ್ಬರಗುಂಡಿಗೆ ಸುರಿದು ಮೇಲೆ ಸಗಣಿ ಎಳೆದೆ. ಸ್ವಲ್ಪ ಹೊತ್ತಿಗೆ ನಿನ್ನ ಕೂಗು ಕೇಳಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: “ಏನ್ ತಿಂದಿದ್ರು? ಔಷಧಿ ಏನಾದ್ರೂ ಹೊಟ್ಟೆಗೆ ಹೋಗಿದ್ಯಾ? ನಿಜ ಹೇಳಮ್ಮ, ಹೇಳಿದ್ರೆ ಉಳಿಸ್ಬಹುದು.” ಕಡವೆ ಮಾಂಸ ಅಂದರೆ ಜೈಲು. ನೀನು ಹೆದರಿ, “ಗಂಜಿ ಸಾರ್, ಬರೀ ಗಂಜಿ” ಅಂದೆ. ವಿಷದ ವಿಷಯ ನಿನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವಳು ನಿನ್ನ ಕೈ ಹಿಡಿದುಕೊಂಡು ನಿಂತಿದ್ದಳು. ಅದರ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು, ಸರೋಜಕ್ಕ. ಭಾವನ ಬಾಯಲ್ಲಿ ನೊರೆ. ಕಣ್ಣು ಮಾತ್ರ ನಮ್ಮಿಬ್ಬರ ಮೇಲೆ... ಶಿವಮೊಗ್ಗಕ್ಕೆ ಒಯ್ಯಿರಿ ಎಂದರು. ರಿಪ್ಪನ್‌ಪೇಟೆ ದಾಟುವ ಮೊದಲೇ ಹೋಗಿಬಿಟ್ಟರು. ಮಾಂಸದ ಸುದ್ದಿ ಹೊರಗೆ ಬೀಳಬಾರದೆಂದು ಮನೆಯವರೇ ಅವಸರ ಮಾಡಿ ಹೆಣ ಸುಟ್ಟರು. ನನಗೆ ಅದೂ ಅನುಕೂಲವೇ ಆಯಿತು.

ಮಾರನೆಯ ದಿನ ಹಳ್ಳಕ್ಕೆ ಹೋದೆ. ತೊಡೆ ಎರಡೂ ಇರಲಿಲ್ಲ. ಉಳಿದದ್ದನ್ನು ನಾಯಿಗಳು ಮೂಸಿ ಬಿಟ್ಟಿದ್ದವು. ಒಂದೂ ಸತ್ತಿರಲಿಲ್ಲ. ಭಾವ ಕೊಟ್ಟದ್ದನ್ನು ತಿಂದವು, ನಾನು ಕೊಟ್ಟದ್ದನ್ನು ಮುಟ್ಟಲಿಲ್ಲ. ಗುಂಡಿ ತೋಡಿ ಹೂತು ಬಂದೆ.

ಆಮೇಲೆ ನೀನು ಗಂಜಿ ಉಣ್ಣುವುದನ್ನೇ ಬಿಟ್ಟೆ. ಮೊನ್ನೆ ಜ್ವರ ಬಂದಾಗ ನಾನು ಮಾಡಿ ತಂದರೆ, ಗೋಡೆ ಕಡೆ ತಿರುಗಿ, “ಆ ಮಾತು ನನ್ ಬಾಯಲ್ಲೇ ಯಾಕ್ ಬಂತೇ” ಎಂದು ಅತ್ತೆ. ಇಷ್ಟು ವರ್ಷ ತಡೆದುಕೊಂಡವಳಿಗೆ ಅದನ್ನು ಮಾತ್ರ ತಡೆಯಲಾಗಲಿಲ್ಲ.

ನಾಳೆ ನಮ್ಮವರನ್ನೂ ಕೂರಿಸಿಕೊಂಡು ನಿನ್ನೆದುರು ಇದನ್ನೆಲ್ಲ ಹೇಳುತ್ತೇನೆ. ಅವರಿಗೂ ಇದು ಗೊತ್ತಿಲ್ಲ. ಪೊಲೀಸರಿಗೆ ಹೇಳಬೇಕೆಂದರೆ ಹೇಳು, ಜೊತೆಗೆ ನಾನೇ ಬರುತ್ತೇನೆ. ಕ್ಷಮಿಸು ಅನ್ನುವುದಿಲ್ಲ. ಆದರೆ ಒಂದು ಪ್ರಶ್ನೆ ನೀನು ಕೇಳಿಯೇ ಕೇಳುತ್ತೀ — “ಬೋಗುಣೀಲಿ ಪಕ್ಕೆಲುಬು ಕಂಡಾಗ ನಿಂಗೆ ಏನನ್ನಿಸ್ತು, ಯಾಕೆ ಬಾಯಿ ಬಿಡ್ಲಿಲ್ಲ?” ಎಂದು. ಹೆದರಿಕೆಯಾಯಿತು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಹೆದರಿಕೆ ಬಂದದ್ದು ಆಮೇಲೆ. ಮೊದಲು ನನಗನ್ನಿಸಿದ್ದು ಇಷ್ಟೇ: ಭಾವ ತೊಡೆ ಎರಡೂ ಬಿಟ್ಟು ಬಂದಿದ್ದಾರೆ, ಅವನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ, ಇನ್ನು ನಾಯಿಗಳು ಸಾಯುವುದಿಲ್ಲ.