ಅಡುಗೆಮನೆಯಲ್ಲಿ ಬೆಳೆದ ಡಾಕ್ಟರು

ನನ್ನ ಓರಗಿತ್ತಿ ನಿಕಾಸಿಯಾಳ ಮುಖಕ್ಕೆ ನಲವತ್ತು ವರ್ಷದಲ್ಲಿ ಒಂದೇ ಒಂದು ಅಲ್ಪಾಕಾ ಉಗಿದಿಲ್ಲ. ಇದನ್ನು ಯಾರೂ ಅವಳನ್ನು ಕೇಳಬೇಕಾಗಿರಲಿಲ್ಲ, ಅವಳೇ ಹೇಳುತ್ತಿದ್ದಳು. ಉಣ್ಣೆ ಕತ್ತರಿಸುವಾಗ ಹೇಳುತ್ತಿದ್ದಳು, ಮದುವೆ ಊಟದಲ್ಲಿ ಹೇಳುತ್ತಿದ್ದಳು, ನಮ್ಮ ಮಾವ ತೀರಿಕೊಂಡಾಗ ಹೆಣದ ಪಕ್ಕದಲ್ಲಿ ಕುಳಿತು ಅಳುವುದರ ನಡುವೆಯೂ ಒಮ್ಮೆ ಹೇಳಿದಳು. ನನ್ನ ವಿಷಯ ಬೇರೆ. ನನ್ನ ಮೇಲೆ ಉಗಿಯದ ಅಲ್ಪಾಕಾ ಯಾವುದಾದರೂ ಉಳಿದಿದೆಯೇ ಎಂದು ಎಣಿಸುವುದು ಸುಲಭ.

ನಮ್ಮ ಹಟ್ಟಿ ಇರುವುದು ಪರ್ವತದ ಎತ್ತರದಲ್ಲಿ, ಚಾಲ್ಯಾಪಂಪದ ಮೇಲಿನ ಹುಲ್ಲುಬಯಲಿನಲ್ಲಿ. ಇಲ್ಲಿ ಮರ ಬೆಳೆಯುವುದಿಲ್ಲ. ಉಣ್ಣೆಗೆಂದು ಸಾಕುವ, ಉದ್ದ ಕತ್ತಿನ ಅಲ್ಪಾಕಾ ಇವೆ, ಗಾಳಿ ಇದೆ, ನಮ್ಮ ಅತ್ತೆ ಇದ್ದಾರೆ. ಅವರ ಹಿರಿಮಗ ಮೆಲಿತೋನನಿಗೆ ನಿಕಾಸಿಯಾಳನ್ನು ತಂದರು, ಕಿರಿಮಗ ತೊರಿಬಿಯೋಗೆ ನನ್ನನ್ನು. ಎರಡು ಮನೆಗೂ ಅಂಗಳ ಒಂದೇ, ಆದ್ದರಿಂದ ಅವಳು ಹೇಳಿದ್ದೆಲ್ಲ ನನಗೆ ಕೇಳಿಸುತ್ತಿತ್ತು.

ಉಣ್ಣೆ ಕತ್ತರಿಸುವಾಗ ಪ್ರಾಣಿಯ ಕಾಲಿಗೆ ಹಗ್ಗ ಹಾಕಿ ಎರಡೂ ಕಡೆ ಎಳೆದು ಮಲಗಿಸುತ್ತಾರೆ. ಒಬ್ಬರು ಕತ್ತರಿ ಹಿಡಿದರೆ ಇನ್ನೊಬ್ಬರು ಅದರ ಕತ್ತನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಕತ್ತು ಹಿಡಿದವರ ಮುಖ ಅದರ ಬಾಯಿಗೆ ನೇರ. ಹೊಟ್ಟೆಯೊಳಗಿನ ಹಸಿರು ಮೆಲುಕನ್ನು ಅದು ಬೀಸಿ ಉಗಿದರೆ ಮೂರು ದಿನ ತೊಳೆದರೂ ವಾಸನೆ ಹೋಗದು. ಆ ಜಾಗದಲ್ಲಿ ನಿಕಾಸಿಯಾ ರಾಣಿಯ ಹಾಗೆ ಕೂರುತ್ತಿದ್ದಳು.

"ಕಿವಿ ಹಿಂದಕ್ಕೆ ಹೋಯ್ತು, ಗದ್ದ ಮೇಲಕ್ಕೆ ಹೋಯ್ತು ಅಂದ್ರೆ ನೀನು ಪಕ್ಕಕ್ಕೆ ಹೋಗ್ಬೇಕು. ಅಷ್ಟೇ ಕಣೇ ವಿದ್ಯೆ," ಎನ್ನುತ್ತಿದ್ದಳು. ಒಂದು ವರ್ಷ ನಾನು ಹಣೆಯಿಂದ ಗದ್ದದವರೆಗೆ ಹಸಿರಾಗಿ ಎದ್ದು ನಿಂತಾಗ, ಇಡೀ ಊರಿನ ಮುಂದೆ, "ತಪ್ಪು ಅಲ್ಪಾಕಾದ್ದಲ್ಲ ಬಿಡೇ ಹಿಲಾರಿಯಾ. ನಿನ್ ಮುಖ ನೋಡಿದ್ರೆ ನನಗೂ ಹಂಗೇ ಅನ್ಸುತ್ತೆ," ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನನ್ನ ಗಂಡ. ಆ ನಗುವನ್ನು ನಾನು ಜೋಪಾನವಾಗಿ ಎತ್ತಿಟ್ಟುಕೊಂಡೆ.

ಅವಳಿಗೆ ಒಂದು ಕಾನೂನಿತ್ತು. ಹೊಸ ಸೊಸೆ ಊರಿಗೆ ಬಂದರೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತೋರಿಸುವ ಮೊದಲು ಈ ಕಾನೂನು ಹೇಳುತ್ತಿದ್ದಳು. "ಅಲ್ಪಾಕಾ ಮನುಷ್ಯರನ್ನ ಕಂಡ್ರೆ ನಾಲ್ಕು ಹೆಜ್ಜೆ ಹಿಂದೆ ಸರೀಬೇಕು. ಅದೇ ಅದರ ಮರ್ಯಾದೆ, ಅದೇ ನಮ್ ಕ್ಷೇಮ. ಹತ್ರ ಬಂದು ಮೂತಿ ಉಜ್ಜುತ್ತೆ ಅಂತ ಖುಷಿ ಪಡ್ಬೇಡಿ. ಗಂಡುಮರೀನಂತೂ ಅಡುಗೆಮನೆಗೆ ಬಿಟ್ಕೊಳ್ಳಲೇಬೇಡಿ. ನಾವೇ ಅದರ ಮಂದೆ ಅನ್ಕೊಂಡ್ಬಿಡುತ್ತೆ. ದೊಡ್ಡದಾದ್ಮೇಲೆ ಯಾರನ್ನ ಕಂಡ್ರೂ ಇನ್ನೊಂದು ಗಂಡು ಅಲ್ಪಾಕಾ ಬಂತು ಅಂತ ಎದೆ ಕೊಟ್ಟು ಗುದ್ದುತ್ತೆ."

ಹಾಗಾದರೆ ತಬ್ಬಲಿ ಮರಿಯನ್ನು ಏನು ಮಾಡುವುದು? ಅದಕ್ಕೂ ನಮ್ಮಲ್ಲಿ ದಾರಿ ಇದೆ. ಅದೇ ದಿನ ಬೇರೆ ಯಾವುದಾದರೂ ಮರಿ ಸತ್ತಿದ್ದರೆ ಅದರ ಚರ್ಮ ಸುಲಿದು ತಬ್ಬಲಿಯ ಮೈಗೆ ಕಟ್ಟುತ್ತೇವೆ. ಮರಿ ಕಳೆದುಕೊಂಡ ತಾಯಿ ಮೂಸಿ ನೋಡುತ್ತದೆ, ತನ್ನದೇ ವಾಸನೆ, ಹಾಲು ಬಿಡುತ್ತದೆ. ಮರಿ ಅಲ್ಪಾಕಾಗಳ ನಡುವೆ ಅಲ್ಪಾಕಾ ಆಗಿಯೇ ಬೆಳೆಯುತ್ತದೆ.

ಮೂರು ವರ್ಷದ ಹಿಂದೆ, ಮಳೆ ತಿಂಗಳಲ್ಲಿ, ನಿಕಾಸಿಯಾಳ ಅತ್ಯುತ್ತಮ ಬಿಳಿ ಹೆಣ್ಣಿಗೆ ಸಿಡಿಲು ಹೊಡೆಯಿತು. ಪಕ್ಕದಲ್ಲಿ ಮೂರು ದಿನದ ಗಂಡುಮರಿ ನಿಂತಿತ್ತು. ಅದೇ ಬೆಳಿಗ್ಗೆ ನನ್ನ ಕಂದು ಹೆಣ್ಣಿನ ಮರಿ ಭೇದಿಯಾಗಿ ಸತ್ತಿತ್ತು. ಇದಕ್ಕಿಂತ ಸರಿಯಾದ ಜೋಡಿ ಹುಡುಕಿದರೂ ಸಿಗುವುದಿಲ್ಲ. ನಿಕಾಸಿಯಾ ಒದ್ದೆ ಟೊಪ್ಪಿಯಲ್ಲೇ ನನ್ನ ಬಾಗಿಲಿಗೆ ಓಡಿ ಬಂದಳು.

"ಹಿಲಾರಿಯಾ, ನಿನ್ ಸತ್ತ ಮರಿ ಚರ್ಮ ಕೊಡೆ. ಬೇಗ."

"ಅಯ್ಯೋ, ನಾಯಿಗೆ ಹಾಕ್ಬಿಟ್ಟೆನಲ್ಲ ಅಕ್ಕ," ಎಂದೆ.

ಅವಳು ನನ್ನ ನಾಯಿಯ ಕಡೆ ನೋಡಿದಳು. ಅದು ಹೊಟ್ಟೆ ಬೆನ್ನಿಗಂಟಿಸಿಕೊಂಡು ಮಲಗಿತ್ತು. ತಿರುಗಿ ಹೋದಳು.

ಚರ್ಮ ನನ್ನ ಒಳಕೋಣೆಯ ಗೋಡೆಗೆ ಒಣಗಲು ಬಿಗಿದಿತ್ತು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಓದುವವರ ಕಣ್ಣಲ್ಲಿ ನೀರು ತರಿಸುವ ಚಾಳಿ ನನಗಿಲ್ಲ. ಅವಳು ಒಂದು ವಾರ ಪರದಾಡಲಿ, ಆಮೇಲೆ ನೋಡೋಣ ಎಂದುಕೊಂಡಿದ್ದೆ. ಹಸಿದ ಮರಿಗೆ ಒಂದು ವಾರ ಕಾಯಲಾಗುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಹೀಗೆ ಕಾನೂನು ಮಾಡಿದವಳ ಅಡುಗೆಮನೆಗೇ ಗಂಡುಮರಿ ಬಂತು. ಹೊರಗೆ ಮಳೆ ಹಿಮವಾಗಿ ಸುರಿಯುತ್ತಿತ್ತು, ಒಲೆಯ ಪಕ್ಕ ಕಂಬಳಿ ಹಾಸಿದಳು, ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಿದಳು. ನಾಲ್ಕು ದಿನ ಮಾತ್ರ ಎಂದಳು. ನಾಲ್ಕು ದಿನ ನಾಲ್ಕು ತಿಂಗಳಾಯಿತು. ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಬಟ್ಟೆ ಹಾಕಿದಂತಿದ್ದ ಆ ಮರಿ ಬಂದವರ ಹೊಟ್ಟೆಗೆ ಮೂತಿ ಒತ್ತಿ, ಕಣ್ಣಲ್ಲಿ ಕಣ್ಣಿಟ್ಟು ಪರೀಕ್ಷೆ ಮಾಡುತ್ತಿತ್ತು. ಊರು ಅದಕ್ಕೆ ಡಾಕ್ಟರು ಎಂದು ಹೆಸರಿಟ್ಟಿತು. ಡಾಕ್ಟರು ನಮ್ಮ ತಟ್ಟೆಯಿಂದ ಆಲೂಗಡ್ಡೆ ಎತ್ತಿದರೆ ನಗುತ್ತಿದ್ದೆವು, ಲಂಗ ಜಗ್ಗಿದರೆ ನಗುತ್ತಿದ್ದೆವು.

ನಾನು ಬಿಡುವವಳೇ? "ಏನಕ್ಕ, ಅಡುಗೆಮನೆ ಕಾನೂನು ಎಲ್ಲಿ ಹೋಯ್ತು?" ಎಂದು ಬಾಗಿಲಲ್ಲಿ ನಿಂತು ಕೇಳಿದೆ.

ಅವಳ ತೊಡೆಯ ಮೇಲೆ ಡಾಕ್ಟರ ತಲೆ ಇತ್ತು. "ಸಾವಿರ ಕತ್ತು ಹಿಡಿದಿದೀನಿ ಕಣೇ," ಎಂದಳು. "ಒಂದೂ ತಾನಾಗಿ ಬಂದಿರ್ಲಿಲ್ಲ."

ಮಾತಿನಲ್ಲಿ ಸೋತಾಗ ನಾನು ನಗುತ್ತೇನೆ, ಆಗಲೂ ನಕ್ಕೆ.

ವರ್ಷ ತುಂಬಿದಾಗ ಮೆಲಿತೋನ್ ಬೀಜ ಒಡೆಸೋಣ ಎಂದ. ಅಷ್ಟರಲ್ಲಿ ಡಾಕ್ಟರು ತಾಲ್ಲೂಕಿನ ಪ್ರದರ್ಶನದಲ್ಲಿ ಕೆಂಪು ರಿಬ್ಬನ್ ಗೆದ್ದುಬಿಟ್ಟರು. ನಮ್ಮ ಸಾಕಣೆದಾರರ ಸಂಘದ ಅಧ್ಯಕ್ಷ ಫ್ರೋಯಿಲಾನ್ ಬೆರಳಿನಿಂದ ತುಪ್ಪಟ ಬಿಡಿಸಿ ನೋಡಿ, "ಇಂಥಾ ಉಣ್ಣೆ ಇರೋನಿಗೆ ಕತ್ತಿ ಹಾಕ್ತೀರಾ? ಇವನು ಇಡೀ ಊರಿನ ಬೀಜದ ಗಂಡು!" ಎಂದು ಗದರಿದ. ಸಂಘದ ಗೋಡೆಯ ಮೇಲೆ ಪಟ್ಟಣದಿಂದ ಬಂದ ಒಂದು ಚಿತ್ರ ಅಂಟಿಸಿದ್ದರು. ಒಬ್ಬ ಹುಡುಗಿ ಅಲ್ಪಾಕಾವನ್ನು ತಬ್ಬಿಕೊಂಡು ನಗುತ್ತಿದ್ದಳು; ಕೆಳಗೆ, ಅಲ್ಪಾಕಾ ಸಾಧುಪ್ರಾಣಿ, ಪ್ರೀತಿಸಿ, ಎಂದು ಬರೆದಿತ್ತು. ಅದನ್ನು ಬರೆದವರು ಅಲ್ಪಾಕಾದ ಮುಂದೆ ನಿಂತು ಬರೆದಿರಲಾರರು. ಫ್ರೋಯಿಲಾನ್ ಬೆರಳಿಟ್ಟು ಅದನ್ನೇ ನಿಕಾಸಿಯಾಳಿಗೆ ತೋರಿಸಿದ. ನಲವತ್ತು ವರ್ಷದ ವಿದ್ಯೆ ಇದ್ದವಳು ಆ ಕಾಗದವನ್ನು ನೋಡಿ ತಲೆಯಾಡಿಸಿದಳು. ಯಾಕೆಂದರೆ ಅವಳಿಗೂ ಅದೇ ಬೇಕಾಗಿತ್ತು.

ಎರಡು ವರ್ಷ ತುಂಬಿತು. ಬೀಜದ ಗಂಡನ್ನು ಹೆಣ್ಣುಗಳ ದೊಡ್ಡಿಗೆ ಬಿಟ್ಟರು. ಡಾಕ್ಟರು ಹೆಣ್ಣುಗಳನ್ನು ತಿರುಗಿಯೂ ನೋಡಲಿಲ್ಲ. ನೇರವಾಗಿ ಅಧ್ಯಕ್ಷರ ಕಡೆ ನಡೆದು, ಕಿರುಚಿ, ಎದೆ ಕೊಟ್ಟು ಗುದ್ದಿದರು. ಐವತ್ತೆಂಟು ವರ್ಷದ ಫ್ರೋಯಿಲಾನ್ ಎದೆಯೆತ್ತರದ ಕಲ್ಲುಗೋಡೆಯನ್ನು ಒಂದೇ ನೆಗೆತಕ್ಕೆ ದಾಟಿದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಮುಂದಿನ ತಿಂಗಳು ಡಾಕ್ಟರು ಶಾಲೆಯ ಮೇಷ್ಟ್ರ ಮೊಣಕಾಲು ಕಚ್ಚಿದರು. ನನ್ನ ಗಂಡ ಕೋಲಿಲ್ಲದೆ ಅಂಗಳ ದಾಟುವುದನ್ನು ಬಿಟ್ಟ. ನಿಕಾಸಿಯಾ ಹೊರಗೆ ಬಂದರೆ ಮಾತ್ರ ಡಾಕ್ಟರು ಮೂಗಿನಲ್ಲೇ ಗುಂಯ್ ಎನ್ನುತ್ತ ಅವಳ ಬೆನ್ನ ಹಿಂದೆ ಸಾಧುವಾಗಿ ನಡೆಯುತ್ತಿದ್ದರು.

ಡಾಕ್ಟರು ಕೆಟ್ಟವರು ಎಂದು ಊರು ಹೇಳಿತು. ಪಾಪ, ಅವರು ಕಲಿತದ್ದೆಲ್ಲ ನಮ್ಮಿಂದಲೇ. ಕೇಳದೆ ಇನ್ನೊಬ್ಬರ ಮನೆಗೆ ನುಗ್ಗುವುದು, ಎದುರು ಬಂದವರನ್ನು ಎದೆಯುಬ್ಬಿಸಿ ಹಿಂದೆ ತಳ್ಳುವುದು, ಆಗದವರ ಮುಖಕ್ಕೆ ಉಗಿಯುವುದು. ಎರಡು ಕಾಲಿನವರು ಇಷ್ಟನ್ನೂ ಮಾಡಿದರೆ ನಾವು ಸಂಘದ ಅಧ್ಯಕ್ಷಗಿರಿ ಕೊಡುತ್ತೇವೆ.

ಜೂನ್ ತಿಂಗಳ ಕಡುಚಳಿಯಲ್ಲಿ ನಮ್ಮ ಅತ್ತೆ, ಹೆಪ್ಪುಗಟ್ಟಿಸಿ ಒಣಗಿಸಲೆಂದು ಆಲೂಗಡ್ಡೆಯನ್ನು ಹಿಮಕ್ಕೆ ಹರಡಲು ಅಂಗಳಕ್ಕೆ ಹೋದರು. ಡಾಕ್ಟರು ಹಿಂದಿನಿಂದ ಬಂದು ಕೆಡವಿ, ಮೇಲೆ ಮಂಡಿಯೂರಿ ಕುಳಿತರು. ಎಂಬತ್ತು ದಾಟಿದ ಮುದುಕಿಯ ಮೇಲೆ ಒಬ್ಬ ಗಂಡಸಿನ ಭಾರ. ನಿಕಾಸಿಯಾ ಓಡಿ ಬಂದು ನಾಲಿಗೆಯಲ್ಲಿ ಲೊಚಕ್ ಎಂದು ಕರೆದಳು. ಡಾಕ್ಟರು ಎದ್ದು ಹೋಗಿ ಅವಳ ಕತ್ತಿಗೆ ಮೂತಿ ಇಟ್ಟು ನಿಂತರು. ಅತ್ತೆಯ ಹೆಗಲ ಮೂಳೆ ಮುರಿದಿತ್ತು. ನಮ್ಮ ಅತ್ತೆಯನ್ನು ನೆಲಕ್ಕೆ ಕೆಡವುವುದು ಇಬ್ಬರು ಸೊಸೆಯರು ಸೇರಿದರೂ ಇಷ್ಟು ವರ್ಷದಲ್ಲಿ ಆಗದ ಕೆಲಸ. ಎತ್ತಿ ಕೂರಿಸಿದಾಗ ಅವರು ನಮ್ಮಿಬ್ಬರನ್ನೂ ದಿಟ್ಟಿಸಿ, "ಬೀಳಿಸಿದ್ದು ಅಲ್ಪಾಕಾನಾ? ನಿಮ್ಮಲ್ಲೊಬ್ಬಳು ಅನ್ಕೊಂಡೆ," ಎಂದರು.

ಭಾನುವಾರ ಸಭೆ ಸೇರಿತು. ಡಾಕ್ಟರನ್ನು ಇಟ್ಟುಕೊಳ್ಳುವುದೋ ಕೊಯ್ಯುವುದೋ, ಇಷ್ಟೇ ಪ್ರಶ್ನೆ. ಕತ್ತಿ ಹಾಕಬೇಡಿ ಎಂದಿದ್ದ ಫ್ರೋಯಿಲಾನನೇ ಎಲ್ಲರಿಗಿಂತ ಮೊದಲು ಎದ್ದು ನಿಂತ. "ಗಂಡುಮರೀನ ಯಾರಾದ್ರೂ ಅಡುಗೆಮನೇಲಿ ಸಾಕ್ತಾರಾ? ಊರಿಗೆಲ್ಲ ಪಾಠ ಹೇಳೋಳು ನೀನು, ನಿನಗೆ ಇಷ್ಟೂ ಬುದ್ಧಿ ಬೇಡ್ವಾ? ಬೇರೆ ತಾಯಿಗೆ ಯಾಕೆ ಕೂಡಿಸ್ಲಿಲ್ಲ?"

ಎಲ್ಲರೂ ನಿಕಾಸಿಯಾಳ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಬಾಯಲ್ಲಿ ನಾವೆಲ್ಲ ದಿನವಿಡೀ ಜಗಿಯುವ ಕೋಕಾ ಎಲೆ ಇತ್ತು. ಎಲೆ ಬಾಯಲ್ಲಿದ್ದಾಗ ಸಭೆಯಲ್ಲಿ ಮಾತನಾಡುವುದು ಸಭ್ಯತೆಯಲ್ಲ ಎಂದು ಆ ದಿನ ನನಗೆ ಥಟ್ಟನೆ ನೆನಪಾಯಿತು. ಮತ್ತೆ ಜಗಿಯತೊಡಗಿದೆ.

"ಚರ್ಮ ಸಿಗ್ಲಿಲ್ಲ," ಎಂದಳು ನಿಕಾಸಿಯಾ. ಯಾರ ಕಡೆಯೂ ನೋಡಲಿಲ್ಲ. "ಸಿಗದಿದ್ರೂ ಮಂದೇಲೇ ಬಿಟ್ಟು ಹಾಲು ಕುಡಿಸ್ಬಹುದಿತ್ತು. ತಪ್ಪು ನಂದೇ. ಈಗ ಬೀಜ ಒಡೆದ್ರೂ ಅವನ ಬುದ್ಧಿ ತಿರುಗಲ್ಲ. ಕತ್ತು ನಾನೇ ಹಿಡೀತೀನಿ."

ಮಂಗಳವಾರ ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಬಂದ ಮೇಲೆ, ಭೂಮಿತಾಯಿಗೆ ಎರಡು ಹನಿ ಹೆಂಡ ಚೆಲ್ಲಿದರು. ಇವತ್ತಾದರೂ ನಿಕಾಸಿಯಾಳ ಮುಖ ಹಸಿರಾಗುತ್ತದೆ ಎಂದು ಗಂಡಸರು ಗೋಡೆಯ ಹತ್ತಿರ ಬಿಯರ್ ಬಾಟಲಿ ಬಾಜಿ ಕಟ್ಟಿದ್ದರು. ಡಾಕ್ಟರ ಹಿಂಗಾಲಿಗೆ ಹಗ್ಗ ಹಾಕುವ ಕೆಲಸ ನನಗೆ ಬಂತು. ಬಿಗಿಯುತ್ತಿದ್ದಂತೆ ಅವನು ತಿರುಗಿ ನೋಡಿದ. ಕಿವಿ ಹಿಂದಕ್ಕೆ ಹೋಯಿತು, ಗದ್ದ ಮೇಲಕ್ಕೆ ಹೋಯಿತು. ಪಕ್ಕಕ್ಕೆ ಸರಿಯಬೇಕು ಎಂದು ಗೊತ್ತಿತ್ತು, ಸರಿಯಲಿಲ್ಲ. ಮುಖದ ತುಂಬ ಬಿತ್ತು. ಈ ಸಲ ಯಾರೂ ನಗಲಿಲ್ಲ.

ಅವನನ್ನು ಮಲಗಿಸಿದರು. ನಿಕಾಸಿಯಾ ಕುಳಿತು ತೊಡೆ ಕೊಟ್ಟಳು. ಹಿಡಿಯುವ ಮೊದಲೇ ಅವನು ತಾನಾಗಿ ತಲೆ ಇಟ್ಟ. ಕೊಯ್ಯುವ ಮೊದಲು ಬಾಯಿಗೆ ಕೋಕಾ ಎಲೆ ಕೊಡುವುದು ನಮ್ಮ ಪದ್ಧತಿ. ಅವಳು ಮೂರು ಎಲೆ ಕೊಟ್ಟಳು, ಮರಿಯಾಗಿದ್ದಾಗ ಬಾಟಲಿಗೆ ಬಾಯಿ ಚಾಚುತ್ತಿದ್ದ ಹಾಗೆಯೇ ಚಾಚಿ ತೆಗೆದುಕೊಂಡ. ಗುಂಯ್ ಎಂದ. ಅವಳು ಅಂಗೈಯಿಂದ ಅವನ ಕಣ್ಣು ಮುಚ್ಚಿದಳು. ಮೆಲಿತೋನ್ ಕೆಲಸ ಬೇಗ ಮುಗಿಸಿದ. ಡಾಕ್ಟರು ಅವಳ ಮೇಲೆ ಉಗಿಯಲಿಲ್ಲ.

ಬಾಜಿ ಕಟ್ಟಿದವರು ಸೋತರು. ಅವಳ ನಲವತ್ತು ವರ್ಷದ ಹೆಗ್ಗಳಿಕೆ ಹಾಗೇ ಉಳಿಯಿತು. ಅವತ್ತಿನಿಂದ ಅವಳು ಅದನ್ನು ಯಾರಿಗೂ ಹೇಳಿಲ್ಲ.

ಸಂಜೆ ಅವಳು ಮನೆಮನೆಗೂ ಮಾಂಸದ ಪಾಲು ಹಂಚುತ್ತ ಬಂದಳು. ನಮ್ಮ ಬಾಗಿಲಿಗೆ ಬಂದಾಗ ಹೆಗಲ ಮೇಲೆ ಅವನ ಚರ್ಮವೂ ಇತ್ತು, ಉಣ್ಣೆ ಸಮೇತ, ರಿಬ್ಬನ್ ಗೆದ್ದ ಅದೇ ಬಿಳಿ ಉಣ್ಣೆ. ಮಾಂಸವನ್ನು ತಟ್ಟೆಗೆ ಹಾಕಿ ಚರ್ಮವನ್ನು ನನ್ನ ಕೈಗೆ ಕೊಟ್ಟಳು. ಅದು ಇನ್ನೂ ಬೆಚ್ಚಗಿತ್ತೋ, ನನ್ನ ಕೈ ತಣ್ಣಗಿತ್ತೋ ಗೊತ್ತಿಲ್ಲ.

"ನನಗ್ಯಾಕಕ್ಕ ಇದು? ನೀನು ಇಟ್ಕೊಳ್ಳಲ್ವಾ?"

"ನಿನ್ ಹತ್ರಾನೇ ಇರ್ಲಿ," ಎಂದಳು. ಕಿವಿ ಹಿಂದಕ್ಕೆ ಹೋದರೆ ಪಕ್ಕಕ್ಕೆ ಸರಿ ಎಂದು ಹೇಳಿಕೊಡುತ್ತಿದ್ದ ಅದೇ ದನಿ. "ಒಳಕೋಣೇಲಿ ಚಿಕ್ಕ ಚರ್ಮ ಒಂದು ಇದ್ಯಲ್ಲ, ಅದರ ಪಕ್ಕದಲ್ಲಿ ಹಾಸು."

ಅವಳು ಅಂಗಳ ದಾಟಿ ತನ್ನ ಮನೆಗೆ ಹೋದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಬೆಳಗಿನ ಹಸಿರನ್ನು ಆಗಲೇ ತೊಳೆದುಕೊಂಡಿದ್ದೆ. ಅವಳೂ ನನ್ನ ಮುಖಕ್ಕೆ ಉಗಿದು ಹೋಗಿದ್ದರೆ ಅದನ್ನೂ ತೊಳೆದುಕೊಳ್ಳುತ್ತಿದ್ದೆ.