ಓಡಿಸಲು ಬಾರದವನ ಜೀಪು

ಮೊನ್ನೆ ಭಾನುವಾರ ತರಕಾರಿ ಚೀಲ ಹಿಡಿದು ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ದಾಟುತ್ತಿದ್ದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಬಿಸಿಲಿಗೆ ಕಾದ ಕ್ಯಾನ್ವಾಸು, ಹಳೆಯ ಗ್ರೀಸು, ಜೊತೆಗೆ ಒಂದಿಷ್ಟು ಪೆಟ್ರೋಲು. ಎರಡನೇ ಮಹಡಿಗೆ ಹೊಸದಾಗಿ ಬಂದ ಗಂಡ ಹೆಂಡತಿ ಹಳೇ ಜೀಪೊಂದನ್ನು ತಂದು ನಿಲ್ಲಿಸಿ, ಬಾನೆಟ್ ಎತ್ತಿ ಒಳಗೆ ಇಣುಕುತ್ತಿದ್ದರು. “ಅಂಕಲ್‌ಜೀ, ಕೈಸೀ ಹೈ?” ಎಂದ ಗಂಡ. ಚೆನ್ನಾಗಿದೆ ಎಂದೆ. ಹೇಳುವಾಗ ನನ್ನ ಅಂಗೈ ಬೆವರಿತ್ತು. ನಗಬೇಡಿ. ಇನ್ನೊಬ್ಬರ ಜೀಪು ಕಂಡು ಬೆವರುವುದಕ್ಕೂ ಒಂದು ಕಾರಣ ಇರುತ್ತದೆ.

ಆಗ ನಾವು ದೇಶದ ರಾಜಧಾನಿಯಲ್ಲಿ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಇಸವಿ ಎರಡು ಸಾವಿರದ ಆರೋ ಏಳೋ ಇರಬೇಕು. ನಾನು ಒಂದು ಸಚಿವಾಲಯದಲ್ಲಿ ಅಸಿಸ್ಟೆಂಟ್. ಕಡತಕ್ಕೆ ಟಿಪ್ಪಣಿ ಬರೆಯುವ ಮೊದಲು ಅದರಿಂದಾಗಬಹುದಾದ ಎಲ್ಲ ಅನಾಹುತಗಳನ್ನೂ ಯೋಚಿಸುವವನು ಎಂದು ಹೆಸರಾಗಿದ್ದವನು. ಸ್ಕೂಟರ್ ಬಿಟ್ಟರೆ ಬೇರೆ ಏನನ್ನೂ ಓಡಿಸಲು ಬಾರದು. ನನ್ನ ಹೆಂಡತಿ ಸುಧಾ ಇದಕ್ಕೆ ತದ್ವಿರುದ್ಧ. ಹರಿಹರದಲ್ಲಿ ಅವಳ ಅಪ್ಪ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಸೀರೆ ಉಡುವುದಕ್ಕೆ ಮೊದಲೇ ಕ್ಲಚ್ ಒತ್ತಲು ಕಲಿತವಳು. ಮದುವೆಯಾದ ಹೊಸದರಲ್ಲಿ ಮಾವನವರ ಕಾರಿನಲ್ಲಿ ಅವಳು ಓಡಿಸುವುದು, ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುವುದು, ಹೀಗೇ ನಮ್ಮ ಮಧುಚಂದ್ರ ಕಳೆಯಿತು.

ಅವಳ ತಮ್ಮ ಶಿವು ಸೈನ್ಯದಲ್ಲಿದ್ದ. ಯುದ್ಧದಲ್ಲಿ ಅಲ್ಲ, ಯಾವ ಗುಂಡೂ ಹಾರದ ಒಂದು ದಿನ, ಮನಾಲಿಯಿಂದ ಲೇಹ್‌ಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ ಅವನಿದ್ದ ಟ್ರಕ್ಕು ಜಾರಿ ಕೆಳಗೆ ಹೋಯಿತು. ದೇಹ ಊರಿಗೆ ಬಂತು, ಬಾವುಟ ಬಂತು, ಶಾಸ್ತ್ರಗಳೆಲ್ಲ ಆದವು. ವರ್ಷಗಳು ಕಳೆದ ಮೇಲೆ ಒಂದು ಸಂಜೆ ಸುಧಾ ಚಹಾ ಕುಡಿಯುತ್ತಾ ಕುಡಿಯುತ್ತಾ ಹೇಳಿದಳು: “ನಾನು ಆ ಜಾಗ ನೋಡಬೇಕು.”

“ಟ್ಯಾಕ್ಸಿ ಮಾಡಿಕೊಂಡು ಹೋಗೋಣ” ಎಂದೆ.

“ಟ್ಯಾಕ್ಸಿಯವನು ಅಲ್ಲಿ ಎಷ್ಟು ಹೊತ್ತು ನಿಲ್ಲಿಸ್ತಾನೆ? ಚಲೋ ಮೇಡಂ, ಚಲೋ ಮೇಡಂ ಅಂತಾನೆ. ನಮ್ಮದೇ ಗಾಡಿ ಬೇಕು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗೋ ಗಾಡಿ. ನಾನೇ ಓಡಿಸಬೇಕು.”

ಹರಿಹರದಿಂದ ಅತ್ತೆಯವರ ಫೋನು ಬಂತು. “ಅಳಿಯಂದಿರೇ, ನೀವಾದರೂ ಬುದ್ಧಿ ಹೇಳಿ. ಆ ರಸ್ತೆ ಒಂದು ಮಗೂನ ತಗೊಂಡಿದೆ” ಎಂದು ಅತ್ತರು. ಹೇಳುತ್ತೇನೆ ಎಂದೆ. ಹೇಳಿದೆ ಕೂಡ. ಸುಧಾ ಕೇಳಿಸಿಕೊಂಡು, “ಭಾನುವಾರ ಕರೋಲ್ ಬಾಗ್‌ಗೆ ಜೀಪು ನೋಡೋಕೆ ಹೋಗೋಣ, ಇಮ್ತಿಯಾಜ್ ಬರ್ತಾನಂತೆ” ಎಂದಳು.

ಇಮ್ತಿಯಾಜ್ ಬಳ್ಳಾರಿಯವನು, ಮಾನೇಸರ್‌ನಲ್ಲಿ ಗಾಡಿಯ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರು. ಕನ್ನಡ ಮಾತಾಡುವುದಕ್ಕೆಂದೇ ತಿಂಗಳಿಗೊಮ್ಮೆ ನಮ್ಮ ಮನೆಗೆ ಬಂದು ಚಿತ್ರಾನ್ನ ತಿಂದು ಹೋಗುತ್ತಿದ್ದ. ಸುಧಾಳನ್ನು ಅಕ್ಕ ಎನ್ನುತ್ತಿದ್ದ, ನನ್ನನ್ನು ಸರ್. ನನ್ನ ಭಯವೆಲ್ಲ ಅವನಿಗೆ ಗೊತ್ತಿತ್ತು. “ಸರ್, ಎಲ್ಲ ಜೀಪಲ್ಲೂ ಏನಾದರೂ ಒಂದು ಇದ್ದೇ ಇರುತ್ತೆ. ಎಷ್ಟಿದೆ ಅನ್ನೋದೇ ಪ್ರಶ್ನೆ” ಎನ್ನುತ್ತಿದ್ದ. ಇದು ಸಮಾಧಾನವೋ ಎಚ್ಚರಿಕೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಕರೋಲ್ ಬಾಗ್‌ನ ಒಂದು ಓಣಿಯಲ್ಲಿ ಹಸಿರು ಜೀಪು ನಿಂತಿತ್ತು. ಮದುವಣಗಿತ್ತಿಯ ಹಾಗೆ ಅಲಂಕಾರ: ಹೊಸ ಬಣ್ಣ, ಮುಂದೆ ಐದಾರು ದೀಪ, ದಪ್ಪ ದಪ್ಪ ಟಯರು. ವ್ಯಾಪಾರಿ ನಮಗೆ ಕುರ್ಚಿ ಹಾಕಿಸಿ, “ಆಂಖ್ ಬಂದ್ ಕರ್ ಕೇ ಲೇ ಜಾಯಿಯೇ” ಎಂದ. ಕಣ್ಣು ಮುಚ್ಚಿಕೊಂಡು ಕೊಳ್ಳುವ ವಸ್ತು ಇದಲ್ಲ ಎಂದು ಕುರ್ಚಿಯಿಂದ ಎದ್ದೆ. ಇಮ್ತಿಯಾಜ್ ಟಾರ್ಚು ಹಿಡಿದು ಗಾಡಿಯ ಕೆಳಗೆ ನುಸುಳಿದ. ಹೊರಗೆ ಬಂದವನು ಕನ್ನಡದಲ್ಲಿ ಮೆಲ್ಲಗೆ ಹೇಳಿದ: “ಅಕ್ಕಾ, ಚಾಸಿ ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಿ ಮೇಲೆ ಟಾರು ಬಳಿದಿದ್ದಾರೆ.” ಚಾಸಿ ಎಂದರೆ ಇಡೀ ಗಾಡಿ ಕೂತಿರುವ ಕಬ್ಬಿಣದ ಚೌಕಟ್ಟು, ಗಾಡಿಯ ಬೆನ್ನುಮೂಳೆ. ಆ ಬೆನ್ನುಮೂಳೆ ಹಿಮಾಲಯದ ಯಾವ ಗುಂಡಿಯಲ್ಲಿ ಮುರಿಯಬಹುದೆಂದು ನಾನು ಆಗಲೇ ಲೆಕ್ಕ ಹಾಕತೊಡಗಿದ್ದೆ.

ಆಮೇಲೆ ಗಾಜಿಯಾಬಾದಿನಲ್ಲಿ ಒಂದು ನೋಡಿದೆವು. ಸೈಲೆನ್ಸರಿನಿಂದ ನೀಲಿ ಹೊಗೆ. ಫರೀದಾಬಾದಿನಲ್ಲಿ ಇನ್ನೊಂದು, ಫೋರ್ ವೀಲ್ ಡ್ರೈವಿನ ಲಿವರು ಎಳೆದರೆ ಕೈಗೇ ಬಂತು. ಹೀಗೆ ಒಂದೊಂದು ಗಾಡಿ ಬೇಡವಾದಾಗಲೂ ನಾನು ನಿರಾಳವಾಗುತ್ತಿದ್ದೆ, ಮುಂದಿನ ಭಾನುವಾರ ಹತ್ತಿರವಾದಂತೆ ಮತ್ತೆ ಕಂಗೆಡುತ್ತಿದ್ದೆ. ಆಫೀಸಿನಲ್ಲಿ ಕೂತಾಗಲೂ ಕಣ್ಣ ಮುಂದೆ ಒಂದು ತಿರುವು, ಕೆಳಗೆ ಹೊಳೆ. ನಾಲ್ಕನೆಯ ಜೀಪಿನಲ್ಲಿ ಇಮ್ತಿಯಾಜ್‌ಗೆ ಏನೂ ದೋಷ ಕಾಣಲಿಲ್ಲ. ನಾನು ಸೀಟಿನ ಸ್ಪ್ರಿಂಗು ಚುಚ್ಚುತ್ತದೆ ಎಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಸುಧಾ ಕಿಟಕಿಯಾಚೆ ನೋಡುತ್ತಾ ಕೇಳಿದಳು, “ನಿಮಗೆ ಯಾವ ಗಾಡಿಯಾದರೂ ಹಿಡಿಸುತ್ತಾ?”

“ಇಲ್ಲ” ಎಂದೆ. “ನಿನ್ನನ್ನ ಕರ್ಕೊಂಡು ಆ ರಸ್ತೆಗೆ ಹೋಗೋ ಯಾವ ಗಾಡಿಯೂ ಹಿಡಿಸೋದಿಲ್ಲ.”

“ನೀವು ಬರದಿದ್ದರೂ ನಾನು ಹೋಗ್ತೀನಿ” ಎಂದಳು. ಜಗಳದ ದನಿಯಲ್ಲಿ ಹೇಳಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಐದನೆಯದು ನೋಯ್ಡಾದಲ್ಲಿತ್ತು. ಮಾರುತ್ತಿದ್ದವರು ವೀಣಾಜೀ ಎಂಬ ನಿವೃತ್ತ ಭೂವಿಜ್ಞಾನಿ. ಕಲ್ಲು ಬಂಡೆಗಳ ಅಧ್ಯಯನಕ್ಕೆಂದು ಬದುಕಿನ ಅರ್ಧ ಭಾಗ ಬೆಟ್ಟಗಳಲ್ಲಿ ಕಳೆದವರು. ಮಂಡಿ ಸವೆದು ಇನ್ನು ಕ್ಲಚ್ ಒತ್ತಲು ಆಗದೆ ಮಾರಲು ಹೊರಟಿದ್ದರು. ಬೂದು ಬಣ್ಣದ ಜೀಪು, ಬಾಗಿಲ ತುಂಬ ಗೀರು, ಒಂದನ್ನೂ ಮುಚ್ಚಿರಲಿಲ್ಲ. ಇಮ್ತಿಯಾಜ್ ಕೆಳಗೆ ನುಸುಳಿ ಬಂದು ಕೈ ಒರೆಸಿಕೊಂಡು, “ಅಕ್ಕಾ, ಇದು” ಎಂದಷ್ಟೇ ಹೇಳಿದ.

ಸುಧಾ ಸ್ಟೀರಿಂಗ್ ಹಿಡಿದಳು, ವೀಣಾಜೀ ಪಕ್ಕದಲ್ಲಿ, ನಾವಿಬ್ಬರು ಹಿಂದೆ. ಯಮುನೆಯ ದಂಡೆಯ ಮರಳಿಗೆ ಇಳಿಸಲು ವೀಣಾಜೀ ಹೇಳಿದರು. ಚಕ್ರ ಹೂತುಕೊಂಡಿತು. ಸುಧಾ ಇಳಿದು, ಮುಂದಿನ ಒಂದೊಂದು ಚಕ್ರದ ಕೇಂದ್ರದಲ್ಲಿದ್ದ ಗುಂಡಿಯನ್ನೂ ತಿರುಗಿಸಿ ಲಾಕ್ ಮಾಡಿ, ಹತ್ತಿ ಲಿವರು ಎಳೆದಳು. ಜೀಪು ಒಮ್ಮೆ ನರಳಿ, ಎಮ್ಮೆ ಕೆಸರಿನಿಂದ ಏಳುವ ಹಾಗೆ ಮೇಲೆದ್ದು ಬಂತು. ಸುಧಾ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ನನಗೆ ಮಾತ್ರ ಇನ್ನು ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಅವರ ಮನೆಗೆ ವಾಪಸು ಬಂದು ಚಹಾ ಕುಡಿಯುವಾಗ ವೀಣಾಜೀ ಎಲ್ಲಿಗೆ ಪ್ರಯಾಣ ಎಂದು ಕೇಳಿದರು. ಸುಧಾ ಹೇಳಿದಳು, ಯಾಕೆ ಎಂಬುದನ್ನೂ ಹೇಳಿದಳು. ವೀಣಾಜೀ ಲೋಟ ಕೆಳಗಿಟ್ಟರು.

“ಆ ದಾರಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ಹಳ್ಳಗಳು ಉಕ್ಕುತ್ತವೆ. ನಿನ್ನ ತಮ್ಮನ ಜಾಗ ಇನ್ನೇನು ಸ್ವಲ್ಪ ದೂರ ಇದೆ, ಎದುರಿಗೆ ಹಳ್ಳ ಉಕ್ಕಿದೆ. ಏನು ಮಾಡ್ತೀಯ?” ಎಂದು ಹಿಂದಿಯಲ್ಲಿ ಕೇಳಿದರು.

“ದಾಟ್ತೀನಿ” ಎಂದಳು ಸುಧಾ, ಕ್ಷಣವೂ ತಡೆಯದೆ.

“ಹಾಗಾದರೆ ನಿನಗೆ ಕೊಡಲಾರೆ, ಬೇಟಾ.”

ಸುಧಾಳ ಮುಖ ಕಪ್ಪಿಟ್ಟಿತು. ಇಮ್ತಿಯಾಜ್ ಏನೋ ಹೇಳಹೊರಟ. ವೀಣಾಜೀ ಕೈಯೆತ್ತಿ ಅವನನ್ನು ತಡೆದು ನನ್ನ ಕಡೆ ತಿರುಗಿದರು. “ಔರ್ ಆಪ್?”

ನಾನು ಒಬ್ಬ ಹೇಡಿಗೆ ಸಹಜವಾದುದನ್ನೇ ಹೇಳಿದೆ. “ನಾನು ತಿರುಗಿ ಬರ್ತೀನಿ, ಮೇಡಂ. ಹಳ್ಳ ಉಕ್ಕದೇ ಇದ್ದರೂ ಬರಬಹುದು.”

ವೀಣಾಜೀ ಗಟ್ಟಿಯಾಗಿ ನಕ್ಕರು. “ಅಚ್ಛಾ. ಹಾಗಾದರೆ ಗಾಡಿ ಇವರ ಹೆಸರಿಗೆ. ಬೇಟಾ, ಓಡಿಸೋದು ನೀನು. ನಿಲ್ಲಿಸು ಅಂತ ಇವರು ಅಂದರೆ ನಿಲ್ಲಿಸಬೇಕು. ಒಪ್ಪಿಗೆಯೇ?”

ಸುಧಾ ನನ್ನನ್ನು ನೋಡಿದಳು. ಹದಿನೈದು ವರ್ಷ ಸಂಸಾರ ಮಾಡಿದ ಹೆಂಡತಿ ಗಂಡನನ್ನು ಮೊದಲ ಸಲ ನೋಡುವಂತೆ ನೋಡಿದರೆ ಹೇಗಿರುತ್ತದೆ ಎಂದು ನಿಮಗೆ ವಿವರಿಸಲಾರೆ. “ಒಪ್ಪಿದೆ” ಎಂದಳು.

ಹೀಗೆ ಓಡಿಸಲು ಬಾರದ ನಾನು ಜೀಪಿನ ಯಜಮಾನನಾದೆ.

ಬೇಸಿಗೆ ಮುಗಿಯುವ ಮೊದಲು ನಾನು ಆಫೀಸಿಗೆ ರಜೆ ಹಾಕಿ, ನಾವಿಬ್ಬರೇ ಹೊರಟೆವು. ಚಂಡೀಗಢ ದಾಟುವ ತನಕ ನಾನು ಟಯರು, ನೀರು, ಎಣ್ಣೆ ಎಂದು ಪೀಡಿಸಿದ್ದಕ್ಕೆ ಲೆಕ್ಕವಿಲ್ಲ. ಮನಾಲಿಯಾಚೆಯ ಕೇಲಾಂಗ್ ದಾಟಿದ ಮಾರನೆಯ ಮಧ್ಯಾಹ್ನ ಒಂದು ಹಳ್ಳ ಎದುರಾಯಿತು. ರಸ್ತೆಯ ಮೇಲೇ ಬೂದು ಬಣ್ಣದ ನೀರು, ಒಳಗೆ ಕಲ್ಲು ಉರುಳುವ ಸದ್ದು. ಸುಧಾ ಗೇರು ಬದಲಿಸಿದಳು.

“ನಿಲ್ಲಿಸು” ಎಂದೆ.

“ಇಷ್ಟೇ ನೀರು ರೀ. ಇನ್ನು ಒಂದು ಗಂಟೆ ದಾರಿ.”

“ನಿಲ್ಲಿಸು ಸುಧಾ.”

ನಿಲ್ಲಿಸಿದಳು. ನಮ್ಮ ಕಣ್ಣೆದುರೇ ಒಂದು ಲಾರಿ ಹಾರನ್ ಹೊಡೆಯುತ್ತಾ ಸಲೀಸಾಗಿ ದಾಟಿತು. ಹಿಂದೆ ಇನ್ನೊಂದು. ನಾವು ತಿರುಗಿ ಒಂದು ಡೇರೆ ಹೋಟೆಲಿಗೆ ಬಂದು ಉಳಿದೆವು. ಸುಧಾ ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ನಾನು ಮಾಡಿದ್ದು ಸರಿಯೇ ಎಂದು ಇವತ್ತಿಗೂ ಗೊತ್ತಿಲ್ಲ. ಬಹುಶಃ ನಾವೂ ದಾಟುತ್ತಿದ್ದೆವು. ಬೆಳಿಗ್ಗೆ ಅದೇ ಹಳ್ಳದಲ್ಲಿ ಚಕ್ರ ಅರ್ಧವೂ ಮುಳುಗಲಿಲ್ಲ.

ಶಿವುವಿನ ಜೊತೆಗಾರನೊಬ್ಬ ಹೇಳಿದ್ದ ಗುರುತು ಹಿಡಿದು ಜಾಗ ತಲುಪಿದರೆ, ಅಲ್ಲಿ ತಿರುವೇ ಇರಲಿಲ್ಲ. ಬೆಟ್ಟ ಕಡಿದು ರಸ್ತೆಯನ್ನು ಅಗಲ ಮಾಡಿದ್ದರು, ಅಂಚಿಗೆ ಕಲ್ಲಿನ ಗೋಡೆ ಕಟ್ಟಿದ್ದರು. ಸುಧಾ ಗೋಡೆಯ ಮೇಲೆ ಕೈಯಿಟ್ಟು ಕೆಳಗೆ ನೋಡುತ್ತಾ ನಿಂತಳು. ಅಳುತ್ತಾಳೆ ಎಂದುಕೊಂಡು ನಾನು ನೀರಿನ ಬಾಟಲಿ ಹಿಡಿದು ನಿಂತೆ. ಅವಳು ಆ ಹೊಸ ರಸ್ತೆಯ ಅಗಲವನ್ನು ಈ ಕಡೆಯಿಂದ ಆ ಕಡೆಗೆ ನಡೆದು ನೋಡಿದಳು. “ಇಷ್ಟು ಅಗಲ ಇದ್ದಿದ್ದರೆ ಸಾಕಾಗ್ತಿತ್ತು ಅಲ್ವಾ?” ಎಂದಳು. ಆಮೇಲೆ ರಸ್ತೆಯ ಮಧ್ಯದಲ್ಲೇ ಕೂತು ಅತ್ತಳು. ಎಷ್ಟು ಹೊತ್ತೆಂದು ನಾನು ನೋಡಲಿಲ್ಲ. ಚಲೋ ಮೇಡಂ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಅಲ್ಲಿಯತನಕ ನಮ್ಮ ಮನೆಯಲ್ಲಿ ಶಿವುವಿನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಫೋಟೋ ಬೀರುವಿನಲ್ಲಿತ್ತು. ಇಳಿದು ಬರುವಾಗ ಮನಾಲಿಯ ಹತ್ತಿರ ಎಲ್ಲೋ ಸುಧಾ ಇದ್ದಕ್ಕಿದ್ದಂತೆ, ಶಿವು ಚಿಕ್ಕವನಿದ್ದಾಗ ಅಪ್ಪನ ಕಾರನ್ನು ಗೋಡೆಗೆ ಗುದ್ದಿ ಪಕ್ಕದ ಮೇಷ್ಟರ ಮನೆಯ ಅಟ್ಟ ಹತ್ತಿ ಅಡಗಿದ ಕಥೆ ಹೇಳಿದಳು. ಹೇಳುತ್ತಾ ಗಾಡಿ ನಿಲ್ಲಿಸಿ ನಕ್ಕಳು. ಅವತ್ತಿನಿಂದ ಅವನು ನಮ್ಮ ಮಾತಿಗೆ ಬರತೊಡಗಿದ.

ಮೊನ್ನೆ ತರಕಾರಿ ತಂದಿಟ್ಟು ಕೆಳಗಿನ ಜೀಪಿನ ಸುದ್ದಿ ಹೇಳಿದಾಗ, ಹುರುಳಿಕಾಯಿ ಸೋಸುತ್ತಿದ್ದ ಸುಧಾ ತಲೆಯೆತ್ತಿದಳು. “ಶಿವು ಇದ್ದಿದ್ದರೆ ಇಷ್ಟು ಹೊತ್ತಿಗೆ ಕೆಳಗೆ ಹೋಗಿ ಆ ಗಂಡನನ್ನ ಪಕ್ಕಕ್ಕೆ ಸರಿಸಿ ತಾನೇ ಬಾನೆಟ್ಟಿನೊಳಗೆ ತಲೆ ಹಾಕಿರೋನು” ಎಂದಳು. ಕಾಯಿಯ ಬುಟ್ಟಿ ಪಕ್ಕಕ್ಕಿಟ್ಟು ಎದ್ದು ಕೈ ತೊಳೆದುಕೊಂಡಳು. “ಎಲ್ಲಿಗೆ ಹೋಗ್ತಾರಂತೆ ಅವರು? ಕೇಳಿದಿರಾ?”

“ಕೇಳಲಿಲ್ಲ.”

“ಬನ್ನಿ, ಕೇಳೋಣ.”

ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ನಾನು ಬಾಗಿಲು ಎಳೆದುಕೊಂಡು ಹಿಂದೆಯೇ ಹೊರಟೆ.